ಎಡಿಟಿಂಗ್ ಪ್ರಾಜೆಕ್ಟನ್ನು ಮೂಲ ಫೂಟೇಜ್ ಸಮೇತ ಎತ್ತಿಡುವ ಬಗೆ

ವಿಡಿಯೊ ಮುಗಿದು, ಎಲ್ಲರೂ ಒಪ್ಪಿ, ಕೊನೆಯ ಎಕ್ಸ್‌ಪೋರ್ಟ್ ಕೂಡ ಕೊಟ್ಟಾಯಿತು. ಹಾರ್ಡ್ ಡಿಸ್ಕ್ ತುಂಬಿದೆ. ಮುಂದಿನ ಕೆಲಸಕ್ಕೆ ಜಾಗ ಬೇಕು. ಈ ಹೊತ್ತಿನಲ್ಲಿ ತುಂಬಾ ಜನ ಮಾಡುವುದು ಒಂದೇ. ಪ್ರಾಜೆಕ್ಟ್ ಫೈಲನ್ನೂ ಕೊನೆಯ ಎಂಪಿ4 ಫೈಲನ್ನೂ ಒಂದು ಕಡೆ ಕಾಪಿ ಮಾಡಿ, ಉಳಿದದ್ದನ್ನು ಅಳಿಸಿಬಿಡುತ್ತಾರೆ. ಎರಡು ವರ್ಷ ಕಳೆದು, ಅದೇ ವಿಡಿಯೊದಲ್ಲಿ ಒಂದು ಹೆಸರು ತಿದ್ದಬೇಕು ಅಂತ ಪ್ರಾಜೆಕ್ಟ್ ತೆರೆದರೆ ಕ್ಲಿಪ್‌ಗಳನ್ನು ಸಾಲಾಗಿ ಜೋಡಿಸಿದ ಟೈಮ್‌ಲೈನ್ ಪೂರ್ತಿ ಕೆಂಪು. ‘ಮೀಡಿಯಾ ಆಫ್‌ಲೈನ್’, ಅಂದರೆ ಕ್ಲಿಪ್‌ಗಳೇ ಸಿಗುತ್ತಿಲ್ಲ.

ಕಾರಣ ಸರಳ. ಪ್ರಾಜೆಕ್ಟ್ ಫೈಲ್‌ನ ಒಳಗೆ ವಿಡಿಯೊ ಇರುವುದೇ ಇಲ್ಲ. ಅದು ವಿಳಾಸಗಳ ಪಟ್ಟಿ ಇದ್ದ ಹಾಗೆ. ಯಾವ ಡ್ರೈವ್‌ನ ಯಾವ ಫೋಲ್ಡರಿನಲ್ಲಿ ಯಾವ ಕ್ಲಿಪ್ ಇದೆ, ಅದರಲ್ಲಿ ಎಲ್ಲಿಂದ ಎಲ್ಲಿಯವರೆಗೆ ತೆಗೆದುಕೊಳ್ಳಬೇಕು, ಮೇಲೆ ಯಾವ ಎಫೆಕ್ಟ್ ಹಾಕಬೇಕು, ಇಷ್ಟನ್ನೇ ಅದು ಬರೆದಿಟ್ಟುಕೊಂಡಿರುತ್ತದೆ. ನೂರಾರು ಜಿಬಿ ಫೂಟೇಜ್ ಇರುವ ಕೆಲಸದ ಪ್ರಾಜೆಕ್ಟ್ ಫೈಲ್ ಕೆಲವೇ ಎಂಬಿ ಇರುವುದು ಇದಕ್ಕೇ. ಆ ವಿಳಾಸದಲ್ಲಿ ಮನೆಯೇ ಇಲ್ಲದಿದ್ದರೆ ಪಟ್ಟಿ ಇಟ್ಟುಕೊಂಡು ಏನು ಮಾಡುವುದು?

ಹಾಗಾಗಿ ಆರ್ಕೈವ್ ಅಂದರೆ ಏನು ಅಂತ ಮೊದಲೇ ಗಟ್ಟಿ ಮಾಡಿಕೊಳ್ಳೋಣ. ಈ ಕೆಲಸವನ್ನು ಎಂದೂ ನೋಡಿರದ ಒಬ್ಬರು, ಬೇರೆ ಕಂಪ್ಯೂಟರಿನಲ್ಲಿ, ನಿಮಗೆ ಒಂದು ಫೋನ್ ಕೂಡ ಮಾಡದೆ, ಆ ಫೋಲ್ಡರನ್ನು ತೆರೆದು ಟೈಮ್‌ಲೈನ್ ಓಡಿಸುವಂತಿರಬೇಕು. ಕೆಳಗಿನ ಹಂತಗಳೆಲ್ಲ ಈ ಒಂದು ಪರೀಕ್ಷೆ ಪಾಸಾಗುವುದಕ್ಕಾಗಿಯೇ ಇವೆ.

ಎತ್ತಿಡಬೇಕಾದದ್ದು ಮೂರು ಬಗೆಯದು. ಕ್ಯಾಮೆರಾದಿಂದ ಬಂದ ಮೂಲ ಫೂಟೇಜ್ ಮತ್ತು ಆಡಿಯೊ, ಎಡಿಟಿಂಗ್ ಪ್ರಾಜೆಕ್ಟ್, ಮುಗಿದ ವಿಡಿಯೊದ ಮಾಸ್ಟರ್, ಅಂದರೆ ಒಳ್ಳೆಯ ಗುಣಮಟ್ಟದ ಪ್ರತಿ. ಮೂರಕ್ಕೂ ಆಯಸ್ಸು ಬೇರೆ ಬೇರೆ. ಎಲ್ಲಕ್ಕಿಂತ ಬೇಗ ಕೆಲಸಕ್ಕೆ ಬಾರದಂತಾಗುವುದು ಪ್ರಾಜೆಕ್ಟ್. 2011ರಲ್ಲಿ ಆಪಲ್ ಫೈನಲ್ ಕಟ್ ಪ್ರೊ ಎಕ್ಸ್ ಬಿಡುಗಡೆ ಮಾಡಿದಾಗ, ಅದರಲ್ಲಿ ಫೈನಲ್ ಕಟ್ ಪ್ರೊ 7ರ ಪ್ರಾಜೆಕ್ಟ್‌ಗಳು ತೆರೆಯುತ್ತಿರಲಿಲ್ಲ. 2019ರ ಮ್ಯಾಕ್‌ಓಎಸ್ ಕ್ಯಾಟಲಿನಾ 32-ಬಿಟ್ ಸಾಫ್ಟ್‌ವೇರ್‌ಗಳನ್ನೇ ಕೈಬಿಟ್ಟಿತು. ಅಲ್ಲಿಂದ ಮುಂದೆ ಹಳೆಯ ಫೈನಲ್ ಕಟ್ ಹೊಸ ಮ್ಯಾಕ್‌ಗಳಲ್ಲಿ ಓಡುವುದೇ ನಿಂತಿತು. ಮೂಲ ಫೂಟೇಜನ್ನೂ ಮಾಸ್ಟರನ್ನೂ ಜೋಪಾನವಾಗಿ ಇಟ್ಟುಕೊಂಡವರು ಬೇರೆ ದಾರಿ ಹುಡುಕಿಕೊಂಡರು. ಪ್ರಾಜೆಕ್ಟ್ ಮಾತ್ರ ಇಟ್ಟುಕೊಂಡವರಿಗೆ ಏನೂ ಉಳಿಯಲಿಲ್ಲ. ಆದ್ದರಿಂದ ಮೂರೂ ಬೇಕು. ಒಂದು ಹೋದರೆ ಇನ್ನೊಂದು ಕೈಹಿಡಿಯುತ್ತದೆ.

ಹಂತ 1: ಪ್ರಾಜೆಕ್ಟನ್ನು ಅಣಿ ಮಾಡಿ

ಮೊದಲು ಪ್ರಾಜೆಕ್ಟನ್ನು ಹೊಸ ಹೆಸರಿನಲ್ಲಿ ಸೇವ್ ಮಾಡಿಕೊಳ್ಳಿ. ಇನ್ನು ಮುಂದೆ ಕೈಯಾಡಿಸುವುದೆಲ್ಲ ಈ ಪ್ರತಿಯಲ್ಲೇ. ಕೊನೆಯ ಸೀಕ್ವೆನ್ಸ್, ಅಂದರೆ ಎಡಿಟ್ ಮಾಡಿದ ಟೈಮ್‌ಲೈನ್, ಯಾವುದು ಅಂತ ಹೆಸರಿನಲ್ಲೇ ಗೊತ್ತಾಗಲಿ. ‘ಫೈನಲ್’, ‘ಫೈನಲ್ 2’, ‘ಫೈನಲ್ ಹೊಸದು’ ಅಂತ ಮೂರು ಇದ್ದರೆ, ನಿಜವಾಗಿ ಹೊರಗೆ ಹೋದದ್ದು ಯಾವುದು ಅನ್ನುವುದು ಇವತ್ತು ನಿಮಗೆ ಗೊತ್ತು, ಎರಡು ವರ್ಷದ ಮೇಲೆ ಗೊತ್ತಿರುವುದಿಲ್ಲ. ಹಳೆಯ ಸೀಕ್ವೆನ್ಸ್‌ಗಳನ್ನು ಅಳಿಸಬೇಕಿಲ್ಲ. ‘ಹಳೆಯವು’ ಅಂತ ಒಂದು ಬಿನ್ (ಪ್ರಾಜೆಕ್ಟಿನ ಒಳಗಿನ ಫೋಲ್ಡರ್) ಮಾಡಿ ಅದರೊಳಗೆ ಹಾಕಿ. ಅವುಗಳಿಂದ ಹೆಚ್ಚು ಜಾಗವೇನೂ ಹೋಗುವುದಿಲ್ಲ.

ಆಫ್‌ಲೈನ್ ಇರುವ ಕ್ಲಿಪ್‌ಗಳು ಇದ್ದರೆ ಈಗಲೇ ಹುಡುಕಿ ಲಿಂಕ್ ಮಾಡಿ. ಈಗ ಸಿಗದ್ದು ಆಮೇಲೆ ಸಿಗುವುದಿಲ್ಲ.

ಹಂತ 2: ಚದುರಿದ್ದನ್ನು ಒಂದೇ ಫೋಲ್ಡರಿಗೆ ತನ್ನಿ

ಕ್ಯಾಮೆರಾ ಫೂಟೇಜ್ ಸಾಮಾನ್ಯವಾಗಿ ಒಂದೇ ಕಡೆ ಇರುತ್ತದೆ. ತಪ್ಪಿಹೋಗುವುದು ಚಿಕ್ಕಪುಟ್ಟವು. ಡೆಸ್ಕ್‌ಟಾಪಿನಲ್ಲಿದ್ದ ಲೋಗೊ, ಡೌನ್‌ಲೋಡ್ಸ್ ಫೋಲ್ಡರಿನಿಂದಲೇ ಎಳೆದು ಹಾಕಿದ ಸಂಗೀತ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊ, ಪೆನ್ ಡ್ರೈವ್‌ನಿಂದ ನೇರವಾಗಿ ಟೈಮ್‌ಲೈನಿಗೆ ಹಾಕಿದ ವಾಯ್ಸ್ ಓವರ್. ಇವನ್ನು ಕೈಯಾರೆ ಹುಡುಕುವುದು ಕಷ್ಟ. ಅದಕ್ಕೆಂದೇ ಎಡಿಟಿಂಗ್ ಸಾಫ್ಟ್‌ವೇರ್‌ಗಳಲ್ಲಿ ಒಂದು ಸೌಲಭ್ಯ ಇದೆ.

ಪ್ರೀಮಿಯರ್ ಪ್ರೊದಲ್ಲಿ ಫೈಲ್ ಮೆನುವಿನಲ್ಲಿ ‘ಪ್ರಾಜೆಕ್ಟ್ ಮ್ಯಾನೇಜರ್’ ಇದೆ. ಅಲ್ಲಿ ‘ಕಲೆಕ್ಟ್ ಫೈಲ್ಸ್ ಅಂಡ್ ಕಾಪಿ ಟು ನ್ಯೂ ಲೊಕೇಶನ್’ ಆರಿಸಿ. ‘ಕ್ಯಾಲ್ಕುಲೇಟ್’ ಒತ್ತಿದರೆ ಎಷ್ಟು ಜಾಗ ಬೇಕು ಅಂತ ಮೊದಲೇ ಹೇಳುತ್ತದೆ. ‘ಎಕ್ಸ್‌ಕ್ಲೂಡ್ ಅನ್‌ಯೂಸ್ಡ್ ಕ್ಲಿಪ್ಸ್’ ಎಂಬ ಗುರುತನ್ನು ಯೋಚಿಸದೆ ಹಾಕಬೇಡಿ. ಅದನ್ನು ಹಾಕಿದರೆ ಟೈಮ್‌ಲೈನಿನಲ್ಲಿ ಬಳಸದ ಕ್ಲಿಪ್‌ಗಳು ಕಾಪಿಯಾಗುವುದಿಲ್ಲ.

ಪ್ರೀಮಿಯರ್‌ನ ಈ ಸೌಲಭ್ಯಕ್ಕೆ ಎರಡು ಮಿತಿ ಇದೆ. ಮೊದಲನೆಯದು, ಅದು ಎಲ್ಲ ಮೀಡಿಯಾವನ್ನೂ ಒಂದೇ ಫೋಲ್ಡರಿಗೆ ಸುರಿಯುತ್ತದೆ. ಯಾವ ಕ್ಲಿಪ್ ಯಾವ ಕಾರ್ಡಿನದು, ಯಾವ ದಿನದ್ದು ಅನ್ನುವ ಜೋಡಣೆ ಹೋಗಿಬಿಡುತ್ತದೆ. ಎರಡನೆಯದು, ಆಫ್ಟರ್ ಎಫೆಕ್ಟ್ಸ್ ಎಂಬ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ಮಾಡಿ, ಡೈನಾಮಿಕ್ ಲಿಂಕ್ ಮೂಲಕ ನೇರವಾಗಿ ಜೋಡಿಸಿದ ಕಾಂಪೊಸಿಶನ್‌ಗಳನ್ನು ಅದು ಕಾಪಿ ಮಾಡುವುದಿಲ್ಲ. ಅವಕ್ಕೆ ಆಫ್ಟರ್ ಎಫೆಕ್ಟ್ಸ್ ಒಳಗೆ ಹೋಗಿ, ಫೈಲ್ ಮೆನುವಿನ ‘ಡಿಪೆಂಡೆನ್ಸೀಸ್’ ಅಡಿಯಲ್ಲಿರುವ ‘ಕಲೆಕ್ಟ್ ಫೈಲ್ಸ್’ ಬೇರೆಯಾಗಿ ಮಾಡಬೇಕು. ಜತೆಗೆ ಆ ಶಾಟ್‌ಗಳನ್ನು ರೆಂಡರ್ ಮಾಡಿದ ವಿಡಿಯೊ ಆಗಿಯೂ ಇಟ್ಟುಕೊಳ್ಳಿ.

ಡಾವಿಂಚಿ ರಿಸಾಲ್ವ್‌ನ ರೀತಿ ಬೇರೆ. ಅದರ ಪ್ರಾಜೆಕ್ಟ್ ಒಂದು ಫೈಲ್ ಆಗಿ ಕಣ್ಣಿಗೆ ಕಾಣುವುದಿಲ್ಲ, ಡೇಟಾಬೇಸ್‌ನಲ್ಲಿ ಕೂತಿರುತ್ತದೆ. ಫೂಟೇಜ್ ಇರುವ ಡಿಸ್ಕನ್ನು ಪೂರ್ತಿ ಕಾಪಿ ಮಾಡಿದರೂ ಪ್ರಾಜೆಕ್ಟ್ ಅದರ ಜತೆ ಬಾರದೇ ಇರಬಹುದು. ಪ್ರಾಜೆಕ್ಟ್ ಮ್ಯಾನೇಜರ್‌ನಲ್ಲಿ ಪ್ರಾಜೆಕ್ಟಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಎಕ್ಸ್‌ಪೋರ್ಟ್ ಪ್ರಾಜೆಕ್ಟ್ ಆರ್ಕೈವ್’ ಆರಿಸಿದರೆ, ಮೀಡಿಯಾ ಸಮೇತ ಡಿಆರ್‌ಎ ಎಂಬ ಫೋಲ್ಡರ್ ಆಗುತ್ತದೆ. ರೆಂಡರ್ ಕ್ಯಾಶ್ (ಸಾಫ್ಟ್‌ವೇರ್ ಮಾಡಿಟ್ಟುಕೊಂಡ ತಾತ್ಕಾಲಿಕ ಫೈಲ್), ಪ್ರಾಕ್ಸಿ (ಎಡಿಟ್ ಸಲೀಸಾಗಲು ಮಾಡಿದ ಚಿಕ್ಕ ಪ್ರತಿ) ಬೇಕೇ ಅಂತ ಅದು ಕೇಳುತ್ತದೆ. ಬೇಡ ಅನ್ನಿ. ಬರೀ ‘ಎಕ್ಸ್‌ಪೋರ್ಟ್ ಪ್ರಾಜೆಕ್ಟ್’ ಕೊಟ್ಟರೆ ಬರುವ ಡಿಆರ್‌ಪಿ ಫೈಲ್‌ನಲ್ಲಿ ಮೀಡಿಯಾ ಇರುವುದಿಲ್ಲ. ಎರಡರ ಹೆಸರೂ ಹತ್ತಿರ ಹತ್ತಿರ ಇರುವುದರಿಂದ ಇಲ್ಲಿ ತುಂಬಾ ಜನ ಎಡವುತ್ತಾರೆ.

ಫೈನಲ್ ಕಟ್ ಪ್ರೊದಲ್ಲಿ ಲೈಬ್ರರಿಯನ್ನು ಆರಿಸಿ, ‘ಕನ್ಸಾಲಿಡೇಟ್ ಲೈಬ್ರರಿ ಮೀಡಿಯಾ’ ಕೊಡಬೇಕು. ಅದಕ್ಕೂ ಮೊದಲು ಲೈಬ್ರರಿಯ ಸ್ಟೋರೇಜ್ ಲೊಕೇಶನ್ ‘ಇನ್ ಲೈಬ್ರರಿ’ ಅಂತ ಇದೆಯೇ ನೋಡಿ. ಆಗ ಹೊರಗಿದ್ದ ಕ್ಲಿಪ್‌ಗಳೂ ಲೈಬ್ರರಿಯ ಒಳಗೆ ಬಂದು ಸೇರುತ್ತವೆ. ಕೆಡೆನ್‌ಲೈವ್ ಬಳಸುವವರಿಗೆ ‘ಆರ್ಕೈವ್ ಪ್ರಾಜೆಕ್ಟ್’ ಎಂಬ ನೇರ ಆಯ್ಕೆಯೇ ಇದೆ. ಮೊಬೈಲಿನಲ್ಲಿ ಎಡಿಟ್ ಮಾಡುವವರು ಒಂದು ಎಚ್ಚರ ವಹಿಸಬೇಕು. ಹಲವು ಆ್ಯಪ್‌ಗಳು ಪ್ರಾಜೆಕ್ಟನ್ನು ತಮ್ಮೊಳಗೇ ಇಟ್ಟುಕೊಂಡಿರುತ್ತವೆ. ಆ್ಯಪ್ ತೆಗೆದುಹಾಕಿದರೆ ಪ್ರಾಜೆಕ್ಟೂ ಹೋಗುತ್ತದೆ.

ನನ್ನನ್ನು ಕೇಳಿದರೆ ಇದಕ್ಕಿಂತ ಒಳ್ಳೆಯ ದಾರಿ ಕೆಲಸ ಶುರುವಾಗುವ ದಿನವೇ ಇದೆ. ಪ್ರಾಜೆಕ್ಟಿಗೆ ಒಂದೇ ಒಂದು ದೊಡ್ಡ ಫೋಲ್ಡರ್ ಮಾಡಿ. ಅದರೊಳಗೆ ಫೂಟೇಜ್, ಆಡಿಯೊ, ಗ್ರಾಫಿಕ್ಸ್, ಪ್ರಾಜೆಕ್ಟ್, ಎಕ್ಸ್‌ಪೋರ್ಟ್, ದಾಖಲೆ ಅಂತ ಫೋಲ್ಡರ್‌ಗಳಿರಲಿ. ಯಾವ ಫೈಲೇ ಆಗಲಿ, ಮೊದಲು ಇದರೊಳಗೆ ಬಂದು ಕೂತ ಮೇಲೆಯೇ ಟೈಮ್‌ಲೈನಿಗೆ ಹೋಗಬೇಕು. ಈ ಒಂದು ಶಿಸ್ತು ಪಾಲಿಸಿದರೆ ಕೊನೆಯಲ್ಲಿ ಆರ್ಕೈವ್ ಮಾಡುವುದು ಅಂದರೆ ಆ ಫೋಲ್ಡರನ್ನು ಕಾಪಿ ಮಾಡುವುದು, ಅಷ್ಟೇ. ಸಾಫ್ಟ್‌ವೇರ್‌ನ ಕಲೆಕ್ಟ್ ಸೌಲಭ್ಯ ತಪ್ಪಿಸಿಕೊಂಡ ಒಂದೆರಡು ಫೈಲ್ ಹಿಡಿಯುವುದಕ್ಕೆ ಮಾತ್ರ ಬೇಕಾಗುತ್ತದೆ.

ಕಾರ್ಡಿನ ಒಳಗಿನ ಜೋಡಣೆ ಕೆಡಿಸಬೇಡಿ

ಕ್ಯಾಮೆರಾದ ಕಾರ್ಡಿನಲ್ಲಿ ವಿಡಿಯೊ ಫೈಲ್ ಎಲ್ಲೋ ಮೂರು ಫೋಲ್ಡರಿನ ಒಳಗೆ ಇರುತ್ತದೆ. ಅದನ್ನಷ್ಟೇ ಎತ್ತಿಕೊಂಡು ಉಳಿದದ್ದನ್ನು ಬಿಡುವ ಆಸೆ ಸಹಜ. ಹಾಗೆ ಮಾಡಬೇಡಿ, ಇಡೀ ಕಾರ್ಡನ್ನು ಇದ್ದ ಹಾಗೇ ಕಾಪಿ ಮಾಡಿ. ಪಕ್ಕದ ಎಕ್ಸ್‌ಎಂಎಲ್ ಫೈಲ್‌ಗಳಲ್ಲಿ ಟೈಮ್‌ಕೋಡ್, ಕ್ಯಾಮೆರಾ ಸೆಟ್ಟಿಂಗ್ ಮುಂತಾದ ಮಾಹಿತಿ ಇರುತ್ತದೆ. ಎವಿಸಿಎಚ್‌ಡಿ ಥರದ ಫಾರ್ಮ್ಯಾಟ್‌ಗಳಲ್ಲಿ ಉದ್ದದ ಒಂದೇ ಶಾಟ್ ಹಲವು ತುಂಡುಗಳಾಗಿ ಬಿದ್ದಿರುತ್ತದೆ. ಎಫ್‌ಎಟಿ32 ಎಂಬ ಫೈಲ್ ಸಿಸ್ಟಮ್ ಇರುವ ಕಾರ್ಡಿನಲ್ಲಿ ಒಂದು ಫೈಲ್ 4 ಜಿಬಿ ಮೀರುವ ಹಾಗಿಲ್ಲ, ಹಾಗಾಗಿ ಈ ತುಂಡು. ಅವನ್ನು ಒಂದೇ ಶಾಟ್ ಆಗಿ ಜೋಡಿಸುವ ಸುಳಿವು ಆ ಫೋಲ್ಡರ್ ಜೋಡಣೆಯಲ್ಲೇ ಇರುತ್ತದೆ.

ಇನ್ನೊಂದು ತೊಂದರೆ, ಹಲವು ಕ್ಯಾಮೆರಾಗಳು ಹೊಸ ಕಾರ್ಡ್ ಹಾಕಿದಾಗ ಮತ್ತೆ 0001ರಿಂದ ಎಣಿಕೆ ಶುರು ಮಾಡುತ್ತವೆ. ಎರಡು ಕಾರ್ಡಿನ ಫೈಲ್‌ಗಳನ್ನು ಒಂದೇ ಫೋಲ್ಡರಿಗೆ ಹಾಕಿದರೆ ಒಂದರ ಮೇಲೊಂದು ಕೂತು ಹೋಗಬಹುದು. ಪ್ರತಿ ಕಾರ್ಡಿಗೂ ಬೇರೆ ಫೋಲ್ಡರ್ ಇರಲಿ. ಕ್ಯಾಮೆರಾದ ಅಕ್ಷರ, ಕಾರ್ಡಿನ ಸಂಖ್ಯೆ, ಚಿತ್ರೀಕರಣದ ದಿನ ಆ ಹೆಸರಿನಲ್ಲಿ ಬಂದರೆ ಸಾಕು.

ಹಂತ 3: ಎಲ್ಲ ಫೂಟೇಜೋ, ಬಳಸಿದ್ದಷ್ಟೋ?

ಇದು ಜಾಗದ ಪ್ರಶ್ನೆ. ಲೆಕ್ಕ ಹಾಕುವುದು ಸುಲಭ. ನಿಮ್ಮ ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ರೆಕಾರ್ಡ್ ಮಾಡುತ್ತದೆ ಅನ್ನೋಣ. 8ರಿಂದ ಭಾಗಿಸಿದರೆ ಸೆಕೆಂಡಿಗೆ 12.5 ಮೆಗಾಬೈಟ್. ಗಂಟೆಗೆ 45 ಜಿಬಿ. ಹತ್ತು ಗಂಟೆ ಫೂಟೇಜಿಗೆ 450 ಜಿಬಿ. ಮೂರು ಪ್ರತಿ ಇಟ್ಟರೆ 1.35 ಟಿಬಿ.

ಸಂದರ್ಶನ, ಸಾಕ್ಷ್ಯಚಿತ್ರ, ಮತ್ತೆ ಚಿತ್ರೀಕರಿಸಲು ಆಗದ ಯಾವುದೇ ಕೆಲಸವಾದರೆ ಎಲ್ಲವನ್ನೂ ಇಡಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ. ಇವತ್ತು ಟೈಮ್‌ಲೈನಿನಲ್ಲಿ ಜಾಗ ಸಿಗದ ಮಾತು ನಾಳೆ ಬೇರೆ ಕೆಲಸದ ಜೀವಾಳ ಆಗಬಹುದು. ಮಾತಾಡಿದ ಆ ವ್ಯಕ್ತಿ ಆಗ ಇಲ್ಲದೆಯೂ ಹೋಗಬಹುದು. ಅದೇ ಒಂದು ವಸ್ತುವನ್ನು ಮೇಜಿನ ಮೇಲಿಟ್ಟು ನಲವತ್ತು ಟೇಕ್ ತೆಗೆದ ಜಾಹೀರಾತಾದರೆ, ಬಳಸಿದ್ದನ್ನೂ ಚೆನ್ನಾಗಿ ಬಂದ ಕೆಲವು ಟೇಕನ್ನೂ ಇಟ್ಟರೆ ನಡೆಯುತ್ತದೆ.

ಆಯ್ದ ಕ್ಲಿಪ್‌ಗಳನ್ನು ಪೂರ್ತಿಯಾಗಿ ಇಡುವುದು ಬೇರೆ, ಬಳಸಿದ ಭಾಗವನ್ನಷ್ಟೇ ಕತ್ತರಿಸಿ ಇಡುವುದು ಬೇರೆ. ಎರಡನೆಯದನ್ನು ರಿಸಾಲ್ವ್‌ನ ‘ಮೀಡಿಯಾ ಮ್ಯಾನೇಜ್‌ಮೆಂಟ್’, ಪ್ರೀಮಿಯರ್‌ನ ‘ಕನ್ಸಾಲಿಡೇಟ್ ಅಂಡ್ ಟ್ರಾನ್ಸ್‌ಕೋಡ್’ ಮಾಡಿಕೊಡುತ್ತವೆ. ಎರಡು ತುದಿಯಲ್ಲೂ ಒಂದಿಷ್ಟು ಫ್ರೇಮ್ ಜಾಸ್ತಿ ಬಿಡುವುದಕ್ಕೆ ‘ಹ್ಯಾಂಡಲ್’ ಅನ್ನುತ್ತಾರೆ. ಹಾಗೆ ಕತ್ತರಿಸುವುದಾದರೆ ಹ್ಯಾಂಡಲನ್ನು ಧಾರಾಳವಾಗಿ ಕೊಡಿ. ಮುಂದೆ ಒಂದು ಡಿಸಾಲ್ವ್ (ಒಂದು ಶಾಟ್ ಕರಗಿ ಇನ್ನೊಂದಾಗುವುದು) ಉದ್ದ ಮಾಡಬೇಕಾದರೂ ಆ ಫ್ರೇಮ್‌ಗಳೇ ಬೇಕು.

ಆದರೆ ಎಚ್.264, ಎಚ್.265 ಥರದ ಫೂಟೇಜಿನಲ್ಲಿ ಇದಕ್ಕೊಂದು ಅಡ್ಡಿ ಇದೆ. ಇವುಗಳಲ್ಲಿ ಪ್ರತಿ ಫ್ರೇಮೂ ಪೂರ್ತಿ ಚಿತ್ರವಾಗಿ ಉಳಿದಿರುವುದಿಲ್ಲ. ಒಂದು ಫ್ರೇಮ್ ಪೂರ್ತಿ ಇರುತ್ತದೆ. ಆಮೇಲಿನ ಹಲವು ಫ್ರೇಮ್‌ಗಳಲ್ಲಿ ಬದಲಾದದ್ದು ಮಾತ್ರ ಇರುತ್ತದೆ. ಹಾಗಾಗಿ ಬೇಕೆಂದ ಕಡೆ ಕತ್ತರಿಸಬೇಕಾದರೆ ವಿಡಿಯೊವನ್ನು ಮತ್ತೆ ಎನ್‌ಕೋಡ್ ಮಾಡಬೇಕು. ಇಲ್ಲವೇ ಪೂರ್ತಿ ಕ್ಲಿಪ್ಪನ್ನೇ ಕಾಪಿ ಮಾಡಬೇಕು. ಮತ್ತೆ ಎನ್‌ಕೋಡ್ ಮಾಡಿದರೆ ಜಾಗ ಉಳಿಯುತ್ತದೆ ಅನ್ನುವ ಖಾತ್ರಿಯೂ ಇಲ್ಲ. ಎಡಿಟಿಂಗಿಗೆ ಬಳಸುವ ಪ್ರೊರೆಸ್ 422 ಎಚ್‌ಕ್ಯು ಎಂಬ ಫಾರ್ಮ್ಯಾಟ್, 4ಕೆ (3840x2160) ಅಳತೆಯಲ್ಲಿ, ಸೆಕೆಂಡಿಗೆ 29.97 ಫ್ರೇಮಿನಲ್ಲಿ ಗಂಟೆಗೆ 398 ಜಿಬಿ ತಿನ್ನುತ್ತದೆ. ಗಂಟೆಗೆ 45 ಜಿಬಿ ಇದ್ದ ಮೂಲವನ್ನು ಹಾಗೆ ಬದಲಿಸಿದರೆ ಜಾಗ ಒಂಬತ್ತು ಪಟ್ಟು ಹೋಗುತ್ತದೆ, ಗುಣಮಟ್ಟ ಒಂದು ಚೂರೂ ಹೆಚ್ಚುವುದಿಲ್ಲ. ಮೂಲವನ್ನು ಮೂಲವಾಗಿಯೇ ಇಡಿ.

ಇದಕ್ಕೆ ಒಂದು ಸೇರ್ಪಡೆ. ಫೋನಿನ ವಿಡಿಯೊಗಳಲ್ಲಿ ಫ್ರೇಮ್ ರೇಟ್ ಏರುಪೇರಾಗುತ್ತಿರುತ್ತದೆ. ಅದಕ್ಕಾಗಿ ಅವನ್ನು ಸ್ಥಿರ ಫ್ರೇಮ್ ರೇಟಿಗೆ ಬದಲಿಸಿ ಎಡಿಟ್ ಮಾಡಿದ್ದರೆ, ಮೂಲವನ್ನೂ ಬದಲಿಸಿದ ಪ್ರತಿಯನ್ನೂ ಎರಡನ್ನೂ ಇಡಬೇಕು. ಟೈಮ್‌ಲೈನಿನ ಕಟ್‌ಗಳು ಕೂತಿರುವುದು ಬದಲಿಸಿದ ಪ್ರತಿಯ ಮೇಲೆ. ಮೂಲಕ್ಕೆ ಲಿಂಕ್ ಮಾಡಿದರೆ ತುಟಿಗೂ ಮಾತಿಗೂ ತಾಳೆ ತಪ್ಪಬಹುದು.

ಹಂತ 4: ಸಾಫ್ಟ್‌ವೇರ್ ತಾನಾಗಿ ಎತ್ತಿಕೊಳ್ಳದವು

ಫಾಂಟ್, ಪ್ಲಗಿನ್, ಎಲ್‌ಯುಟಿ (ಬಣ್ಣ ಬದಲಿಸುವ ಫೈಲ್), ಟೈಟಲ್ ಟೆಂಪ್ಲೇಟ್. ಇವು ಕಂಪ್ಯೂಟರಿನಲ್ಲಿ ಬೇರೆ ಕಡೆ ಕೂತಿರುತ್ತವೆ. ಕಲೆಕ್ಟ್ ಮಾಡಿದಾಗ ಸಾಮಾನ್ಯವಾಗಿ ಜತೆಗೆ ಬರುವುದಿಲ್ಲ. ಎಲ್‌ಯುಟಿ ಫೈಲ್‌ಗಳು ಚಿಕ್ಕವು, ಅವನ್ನು ಕಾಪಿ ಮಾಡಿ ಹಾಕಿ. ಫಾಂಟಿನ ಲೈಸೆನ್ಸ್ ಒಪ್ಪಿದರೆ ಫಾಂಟ್ ಫೈಲನ್ನೂ ಇಡಿ, ಇಲ್ಲವಾದರೆ ಅದರ ಪೂರ್ತಿ ಹೆಸರು, ಎಲ್ಲಿಂದ ಬಂತು ಅಂತ ಬರೆದಿಡಿ. ಪ್ಲಗಿನ್‌ನ ಹೆಸರು ಮತ್ತು ವರ್ಶನ್ ಕೂಡ ಬರೆಯಿರಿ. ಪ್ಲಗಿನ್ ಬಳಸಿದ ಶಾಟ್‌ಗಳನ್ನು ಎಫೆಕ್ಟ್ ಸಮೇತ ರೆಂಡರ್ ಮಾಡಿ ಇಟ್ಟರೆ ಇನ್ನೂ ಒಳ್ಳೆಯದು. ಪ್ಲಗಿನ್ ಕಂಪನಿ ಮುಚ್ಚಿದರೂ ಆ ಶಾಟ್ ಉಳಿಯುತ್ತದೆ.

ಕನ್ನಡದಲ್ಲಿ ಟೈಟಲ್ ಮಾಡುವವರು ಫಾಂಟಿನ ವಿಷಯದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು. ಯುನಿಕೋಡ್ ಅಲ್ಲದ ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಟೈಟಲ್ ಆಗಿದ್ದರೆ, ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಕನ್ನಡವಾಗಿ ಕಾಣುವುದೇ ಇಲ್ಲ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು ಬರುತ್ತದೆ. ಅಲ್ಲಿ ಏನು ಬರೆದಿತ್ತು ಅಂತ ಓದಲೂ ಆಗುವುದಿಲ್ಲ. ಪರದೆಯ ಮೇಲೆ ಬರುವ ಪ್ರತಿ ಹೆಸರನ್ನೂ ಪ್ರತಿ ಸಾಲನ್ನೂ ಯುನಿಕೋಡಿನಲ್ಲಿ ಒಂದು ಟೆಕ್ಸ್ಟ್ ಫೈಲ್‌ಗೆ ಹಾಕಿಡಿ. ಟೈಟಲ್‌ಗಳನ್ನು ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರಗಳಾಗಿಯೂ ಉಳಿಸಿಕೊಳ್ಳಿ. ಸಬ್‌ಟೈಟಲ್ ಇದ್ದರೆ ಎಸ್‌ಆರ್‌ಟಿ ಫೈಲ್ ಬೇರೆಯಾಗಿ ಇರಲಿ.

ಕಾಗದಪತ್ರಗಳನ್ನು ಮರೆಯಬೇಡಿ. ಸಂಗೀತದ ಲೈಸೆನ್ಸ್, ಸ್ಟಾಕ್ ವಿಡಿಯೊದ ರಸೀದಿ, ಕಾಣಿಸಿಕೊಂಡವರ ಒಪ್ಪಿಗೆ ಪತ್ರ, ಸ್ಕ್ರಿಪ್ಟ್. ಮುಂದೊಂದು ದಿನ ಈ ಹಾಡಿಗೆ ಅನುಮತಿ ಇದೆಯಾ ಅಂತ ಯಾರಾದರೂ ಕೇಳಿದಾಗ ಉತ್ತರ ಅದೇ ಫೋಲ್ಡರಿನಲ್ಲಿ ಸಿಗಬೇಕು.

ಹಂತ 5: ಮಾಸ್ಟರ್ ಮತ್ತು ಅದರ ಒಡಹುಟ್ಟಿದವು

ಕೊನೆಯ ಎಂಪಿ4 ನೋಡುವುದಕ್ಕೆ ಸಾಕು. ಅದರ ಮೇಲೆ ಮತ್ತೆ ಕೆಲಸ ಮಾಡುವುದಕ್ಕೆ ಸಾಲದು. ಪ್ರೊರೆಸ್ 422 ಎಚ್‌ಕ್ಯು ಅಥವಾ ಡಿಎನ್‌ಎಕ್ಸ್‌ಎಚ್‌ಆರ್ ಎಚ್‌ಕ್ಯುಎಕ್ಸ್ ಥರದ, ಗುಣಮಟ್ಟ ಉಳಿಸಿಕೊಳ್ಳುವ ಗಟ್ಟಿ ಕೋಡೆಕ್‌ನಲ್ಲಿ (ವಿಡಿಯೊ ಒತ್ತಿಡುವ ವಿಧಾನ) ಒಂದು ಮಾಸ್ಟರ್ ಮಾಡಿ. ಮುಗಿದ ವಿಡಿಯೊ ಚಿಕ್ಕದಾದ್ದರಿಂದ ಇಲ್ಲಿ ಜಾಗದ ಚಿಂತೆ ಬೇಡ.

ಅದರ ಜತೆ ಟೈಟಲ್ ಇಲ್ಲದ ಇನ್ನೊಂದು ಪ್ರತಿ ಮಾಡಿ. ಇದನ್ನು ಟೆಕ್ಸ್ಟ್‌ಲೆಸ್ ಅನ್ನುತ್ತಾರೆ. ಧ್ವನಿಯನ್ನು ಮೂರಾಗಿ ಬಿಡಿಸಿ, ಮಾತು, ಸಂಗೀತ, ಸದ್ದು ಬೇರೆ ಬೇರೆ ಡಬ್ಲ್ಯುಎವಿ ಫೈಲ್ ಆಗಿ ಎಕ್ಸ್‌ಪೋರ್ಟ್ ಮಾಡಿ. ಮೂರೂ ಒಂದೇ ಉದ್ದ ಇರಬೇಕು, ಒಂದೇ ಜಾಗದಿಂದ ಶುರುವಾಗಬೇಕು. ಮುಂದೆ ಬರುವ ಬೇಡಿಕೆಗಳು ಸಾಮಾನ್ಯವಾಗಿ ಇಂಥವೇ: ಹೆಸರು ತಿದ್ದಬೇಕು, ಬೇರೆ ಭಾಷೆಗೆ ಡಬ್ ಮಾಡಬೇಕು, ಸಂಗೀತ ಬದಲಿಸಬೇಕು. ಇವಿಷ್ಟು ಫೈಲ್ ಇದ್ದರೆ ಪ್ರಾಜೆಕ್ಟ್ ತೆರೆಯದೆಯೇ ಆ ಕೆಲಸ ಮುಗಿಯುತ್ತದೆ. ಪ್ರಾಜೆಕ್ಟ್ ತೆರೆಯುವ ಸಾಫ್ಟ್‌ವೇರೇ ಇಲ್ಲದ ಕಾಲಕ್ಕೂ ಇವು ಇರುತ್ತವೆ.

ಟೈಮ್‌ಲೈನನ್ನು ಎಕ್ಸ್‌ಎಂಎಲ್, ಎಎಎಫ್, ಇಡಿಎಲ್ ರೂಪದಲ್ಲಿ ಎಕ್ಸ್‌ಪೋರ್ಟ್ ಮಾಡಿಡಿ. ಬೇರೆ ಸಾಫ್ಟ್‌ವೇರ್‌ಗಳು ಇವನ್ನು ಓದಬಲ್ಲವು. ಎಫೆಕ್ಟ್, ಗ್ರೇಡಿಂಗ್ (ಬಣ್ಣ ತಿದ್ದಿದ್ದು) ಪೂರ್ತಿ ಬರುವುದಿಲ್ಲ, ಆದರೆ ಕಟ್‌ಗಳು ಬರುತ್ತವೆ. ಇಡಿಎಲ್ ಅಂತೂ ಬರೀ ಅಕ್ಷರಗಳ ಫೈಲ್. ನೋಟ್‌ಪ್ಯಾಡಿನಲ್ಲಿ ತೆರೆದು, ಯಾವ ಕ್ಲಿಪ್ಪಿನ ಯಾವ ಟೈಮ್‌ಕೋಡ್‌ನಿಂದ ಎಲ್ಲಿಯವರೆಗೆ ಅಂತ ಕಣ್ಣಲ್ಲೇ ಓದಬಹುದು. ಕೊನೆಯದಾಗಿ, ಪರದೆಯ ಮೂಲೆಯಲ್ಲಿ ಟೈಮ್‌ಕೋಡ್ ಮತ್ತು ಕ್ಲಿಪ್ ಹೆಸರು ಕಾಣುವ ಹಾಗೆ ಒಂದು ಚಿಕ್ಕ ವಿಡಿಯೊ ಮಾಡಿಡಿ. ಬೇರೆಲ್ಲ ಕೈಕೊಟ್ಟರೂ ಇದನ್ನು ನೋಡಿಕೊಂಡು ಇಡೀ ಎಡಿಟನ್ನು ಮತ್ತೆ ಕಟ್ಟಬಹುದು.

ಹಂತ 6: ಹೆಸರುಗಳು ಮತ್ತು ಒಂದು ಟಿಪ್ಪಣಿ

ಎಡಿಟ್ ಶುರುವಾದ ಮೇಲೆ ಮೀಡಿಯಾ ಫೈಲ್‌ಗಳ ಹೆಸರು ಬದಲಿಸಬೇಡಿ, ಲಿಂಕ್ ಮುರಿಯುತ್ತದೆ. ಹೊರಗಿನ ದೊಡ್ಡ ಫೋಲ್ಡರಿನ ಹೆಸರು ಮಾತ್ರ ಚೆನ್ನಾಗಿರಲಿ. ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ 20240615 ಅಂತ ಶುರು ಮಾಡಿ, ಮುಂದೆ ಕೆಲಸದ ಹೆಸರು ಹಾಕಿದರೆ ಫೋಲ್ಡರ್‌ಗಳು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ.

ಫೈಲ್ ಹೆಸರು ಕನ್ನಡದಲ್ಲಿ ಇಡಬಹುದಾ? ಇಡಬಹುದು, ಆದರೆ ಆರ್ಕೈವ್‌ಗೆ ನಾನು ಬೇಡ ಅನ್ನುತ್ತೇನೆ. ಯುನಿಕೋಡಿನಲ್ಲಿ ‘ಕೋ’ ಥರದ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಬಿಡಿ ಸಂಕೇತಗಳಾಗಿಯೂ ಬರೆಯಬಹುದು. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಫೈಲ್ ಸಿಸ್ಟಮ್ ಹೆಸರುಗಳನ್ನು ಬಿಡಿಸಿ ಇಡುತ್ತದೆ, ಬೇರೆಯವು ಹಾಗೆ ಮಾಡುವುದಿಲ್ಲ. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಬೇರೆ ಬೇರೆ ಆಗಿ ಕಂಡು ಲಿಂಕ್ ಸಿಗದೇ ಹೋಗಬಹುದು. ಉದ್ದದ ತೊಂದರೆಯೂ ಇದೆ. ಲಿನಕ್ಸ್‌ನ ಎಕ್ಸ್ಟ್4ನಲ್ಲಿ ಒಂದು ಹೆಸರು 255 ಬೈಟ್ ಮೀರುವಂತಿಲ್ಲ. ಯುಟಿಎಫ್-8ನಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. ಅಂದರೆ 85 ಸಂಕೇತಕ್ಕೆ ಮುಗಿಯಿತು. ವಿಂಡೋಸ್‌ನಲ್ಲಿ ಹಲವು ಸಾಫ್ಟ್‌ವೇರ್‌ಗಳು ಡ್ರೈವ್‌ನಿಂದ ಹಿಡಿದು ಫೈಲ್‌ವರೆಗಿನ ಪೂರ್ತಿ ದಾರಿ 260 ಅಕ್ಷರ ದಾಟಿದರೆ ತಡವರಿಸುತ್ತವೆ. ಆದ್ದರಿಂದ ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಇಷ್ಟರಲ್ಲೇ ಚಿಕ್ಕ ಹೆಸರು ಇಡಿ.

ಕನ್ನಡ ಬರಬೇಕಾದದ್ದು ಟಿಪ್ಪಣಿಯಲ್ಲಿ. ಫೋಲ್ಡರಿನ ಮೇಲ್ಗಡೆಯೇ ಒಂದು ಸಾದಾ ಟೆಕ್ಸ್ಟ್ ಫೈಲ್ ಇರಲಿ. ಯಾವ ಕೆಲಸ, ಯಾವ ಸಾಫ್ಟ್‌ವೇರ್, ಎಷ್ಟನೇ ವರ್ಶನ್, ಕೊನೆಯ ಸೀಕ್ವೆನ್ಸ್‌ನ ಹೆಸರು, ಫ್ರೇಮ್ ರೇಟ್, ಅಳತೆ, ಕ್ಯಾಮೆರಾಗಳು, ಫಾಂಟ್ ಮತ್ತು ಪ್ಲಗಿನ್ ಪಟ್ಟಿ, ಏನನ್ನು ಬೇಕೆಂದೇ ಬಿಟ್ಟಿದ್ದೀರಿ, ಎಷ್ಟು ಪ್ರತಿ ಎಲ್ಲೆಲ್ಲಿವೆ. ಇದು ಕಾಲು ಗಂಟೆಯ ಕೆಲಸ. ಸುಮ್ನೆ ಬಿಟ್ಟುಬಿಡೋಣ ಅನ್ನಿಸುವುದೂ ಇದನ್ನೇ. ದಯವಿಟ್ಟು ಬಿಡಬೇಡಿ.

ಹಂತ 7: ಬೇಡದ್ದನ್ನು ತೆಗೆಯಿರಿ

ಪ್ರಿವ್ಯೂ ರೆಂಡರ್, ಮೀಡಿಯಾ ಕ್ಯಾಶ್, ಆಡಿಯೊ ಪೀಕ್ ಫೈಲ್, ಆಪ್ಟಿಮೈಸ್ಡ್ ಮೀಡಿಯಾ, ಪ್ರಾಕ್ಸಿ. ಮೂಲ ಇದ್ದರೆ ಇವೆಲ್ಲ ಮತ್ತೆ ಹುಟ್ಟುತ್ತವೆ, ತೆಗೆದುಬಿಡಿ. ಫೈನಲ್ ಕಟ್‌ನಲ್ಲಿ ‘ಡಿಲೀಟ್ ಜನರೇಟೆಡ್ ಲೈಬ್ರರಿ ಫೈಲ್ಸ್’ ಇದನ್ನು ಮಾಡಿಕೊಡುತ್ತದೆ. ಆಟೊ ಸೇವ್‌ನ ಕೊನೆಯ ಒಂದೆರಡು ಪ್ರತಿ ಮಾತ್ರ ಉಳಿಸಿ.

ಎಲ್ಲವನ್ನೂ ಜಿಪ್ ಮಾಡುವ ಯೋಚನೆ ಬೇಡ. ವಿಡಿಯೊ ಮೊದಲೇ ಒತ್ತಿ ಚಿಕ್ಕದು ಮಾಡಿದ ಫೈಲ್. ಜಿಪ್ ಮಾಡಿದರೆ ಹೆಚ್ಚೇನೂ ಉಳಿಯುವುದಿಲ್ಲ. ನೂರಾರು ಜಿಬಿಯ ಒಂದೇ ಜಿಪ್ ಹಾಳಾದರೆ ಒಳಗಿರುವುದನ್ನು ತೆಗೆಯುವುದೂ ಕಷ್ಟ.

ಹಂತ 8: ಕಾಪಿ ಮಾಡಿ, ತಾಳೆ ನೋಡಿ

ಮೌಸಿನಿಂದ ಎಳೆದು ಬಿಟ್ಟು, ಪಟ್ಟಿ ಕೊನೆ ಮುಟ್ಟಿದ ಕೂಡಲೇ ಕಾಪಿ ಸರಿಯಾಯಿತು ಅಂತ ನಂಬುತ್ತೇವೆ ಅಲ್ವಾ? ಹಾಗೆ ಕಾಪಿ ಮಾಡಿದಾಗ ಆ ಕಡೆ ಬರೆದದ್ದನ್ನು ಯಾರೂ ತಿರುಗಿ ಓದಿ ನೋಡಿರುವುದಿಲ್ಲ. ಕೇಬಲ್ ಸಡಿಲ ಇದ್ದರೆ, ಡಿಸ್ಕ್ ಹಳೆಯದಾಗಿದ್ದರೆ, ಎಲ್ಲೋ ಒಂದು ಫೈಲ್ ಸದ್ದಿಲ್ಲದೆ ಕೆಟ್ಟಿರಬಹುದು. ಸಾವಿರ ಕ್ಲಿಪ್‌ಗಳಲ್ಲಿ ಅದು ಯಾವುದು ಅಂತ ಕಣ್ಣಿನಿಂದ ಹುಡುಕಲು ಆಗುವುದಿಲ್ಲ.

ಇದಕ್ಕೆ ಚೆಕ್‌ಸಮ್ ಇದೆ. ಫೈಲ್‌ನ ಪ್ರತಿ ಬೈಟನ್ನೂ ಓದಿ, ಅದರಿಂದ ಲೆಕ್ಕ ಮಾಡಿದ ಒಂದು ಚಿಕ್ಕ ಗುರುತು. ಎಂಡಿ5 ಆದರೆ 32 ಅಕ್ಷರ. ಫೈಲಿನಲ್ಲಿ ಒಂದೇ ಒಂದು ಬಿಟ್ ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ಎಕ್ಸ್‌ಎಕ್ಸ್‌ಹ್ಯಾಶ್ ಎಂಬುದು ಇದೇ ಕೆಲಸವನ್ನು ಇನ್ನೂ ಬೇಗ ಮಾಡುತ್ತದೆ, ದೊಡ್ಡ ವಿಡಿಯೊ ಫೈಲ್‌ಗಳಿಗೆ ಹೇಳಿಮಾಡಿಸಿದ್ದು. ವಿಂಡೋಸ್‌ನಲ್ಲಿ ಟೆರಾಕಾಪಿ ಎಂಬ ಸಾಫ್ಟ್‌ವೇರ್, ವೆರಿಫೈ ಆಯ್ಕೆ ಕೊಟ್ಟರೆ, ಕಾಪಿ ಮಾಡಿದ ಮೇಲೆ ತಾನೇ ತಾಳೆ ನೋಡುತ್ತದೆ. ಮ್ಯಾಕ್, ಲಿನಕ್ಸ್‌ನವರಿಗೆ ಆರ್‌ಸಿಂಕ್‌ನ ಚೆಕ್‌ಸಮ್ ಆಯ್ಕೆ ಇದೆ. ದೊಡ್ಡ ಚಿತ್ರೀಕರಣಗಳಲ್ಲಿ ಈ ಗುರುತುಗಳ ಪಟ್ಟಿಯನ್ನು ಎಂಎಚ್‌ಎಲ್, ಅಂದರೆ ಮೀಡಿಯಾ ಹ್ಯಾಶ್ ಲಿಸ್ಟ್ ಎಂಬ ಫೈಲ್ ಆಗಿ ಫೂಟೇಜಿನ ಜತೆಯಲ್ಲೇ ಕಳಿಸುತ್ತಾರೆ. ನೀವು ಯಾವುದನ್ನೇ ಬಳಸಿ, ಗುರುತುಗಳ ಪಟ್ಟಿಯನ್ನು ಆರ್ಕೈವ್ ಒಳಗೆ ಉಳಿಸಿ. ಮುಂದೆ ಪ್ರತಿ ಸಲ ಡಿಸ್ಕ್ ಬದಲಿಸುವಾಗ ಅದೇ ಪಟ್ಟಿ ಕೆಲಸಕ್ಕೆ ಬರುತ್ತದೆ.

ಹಂತ 9: ತೆರೆದು ನೋಡಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಹಂತ ಇದು. ಇದರಲ್ಲಿ ಒಂದು ಮೋಸ ಅಡಗಿದೆ.

ಕಾಪಿ ಮಾಡಿದ ಪ್ರಾಜೆಕ್ಟನ್ನು ಅದೇ ಕಂಪ್ಯೂಟರಿನಲ್ಲಿ ತೆರೆದರೆ ಎಲ್ಲ ಕ್ಲಿಪ್ಪೂ ಚೆನ್ನಾಗಿ ಕಾಣುತ್ತವೆ. ಖುಷಿಯಾಗುತ್ತದೆ. ಆದರೆ ಸಾಫ್ಟ್‌ವೇರ್ ಆ ಕ್ಲಿಪ್‌ಗಳನ್ನು ಹಳೆಯ ಡಿಸ್ಕಿನಿಂದಲೇ ಎತ್ತಿಕೊಳ್ಳುತ್ತಿರಬಹುದು. ಹಳೆಯ ವಿಳಾಸದಲ್ಲಿ ಫೈಲ್‌ಗಳು ಇನ್ನೂ ಇವೆ, ಹಾಗಾಗಿ ಅದು ದೂರುವುದಿಲ್ಲ. ಹಳೆಯದನ್ನು ಅಳಿಸಿದ ಮೇಲಷ್ಟೇ ನಿಜ ಗೊತ್ತಾಗುತ್ತದೆ.

ಆದ್ದರಿಂದ ಪರೀಕ್ಷೆ ಮಾಡುವ ಮೊದಲು ಹಳೆಯ ಡಿಸ್ಕನ್ನು ಕಳಚಿಡಿ. ಕಳಚಲು ಆಗದಿದ್ದರೆ ಹಳೆಯ ಫೋಲ್ಡರಿನ ಹೆಸರನ್ನು ತಾತ್ಕಾಲಿಕವಾಗಿ ಬದಲಿಸಿ. ಬೇರೆ ಕಂಪ್ಯೂಟರ್ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಈಗ ಆರ್ಕೈವ್ ಡಿಸ್ಕಿನಲ್ಲಿರುವ ಪ್ರಾಜೆಕ್ಟನ್ನು ತೆರೆಯಿರಿ. ರಿಸಾಲ್ವ್ ಆದರೆ ‘ರಿಸ್ಟೋರ್ ಪ್ರಾಜೆಕ್ಟ್ ಆರ್ಕೈವ್’ ಕೊಡಿ. ಒಂದು ಕ್ಲಿಪ್ ಎಲ್ಲಿದೆ ಅಂತ ಕೇಳಿದರೆ ತೋರಿಸಿ, ಸಾಮಾನ್ಯವಾಗಿ ಉಳಿದವು ತಾವಾಗಿ ಸಿಗುತ್ತವೆ. ಲಿಂಕ್ ಆದ ಮೇಲೆ ಪ್ರಾಜೆಕ್ಟನ್ನು ಅಲ್ಲಿಯೇ ಸೇವ್ ಮಾಡಿ.

ಆಮೇಲೆ ಟೈಮ್‌ಲೈನನ್ನು ಮೊದಲಿನಿಂದ ಕೊನೆಯವರೆಗೆ ಓಡಿಸಿ. ಮಾಸ್ಟರನ್ನು ಮೇಲಿನ ಟ್ರ್ಯಾಕಿನಲ್ಲಿಟ್ಟು ‘ಡಿಫರೆನ್ಸ್’ ಬ್ಲೆಂಡ್ ಮೋಡ್ ಕೊಟ್ಟರೆ ಇನ್ನೂ ಬೇಗ ತಿಳಿಯುತ್ತದೆ. ಎರಡೂ ಒಂದೇ ಆಗಿದ್ದ ಕಡೆ ಪರದೆ ಕಪ್ಪಾಗಿರುತ್ತದೆ, ಫಾಂಟ್ ಬದಲಾಗಿದ್ದರೆ, ಎಫೆಕ್ಟ್ ಬಿಟ್ಟುಹೋಗಿದ್ದರೆ ಅಲ್ಲಿ ಮಾತ್ರ ಚಿತ್ರ ಎದ್ದು ಕಾಣುತ್ತದೆ. ಇಷ್ಟಾಗುವವರೆಗೆ ಕೆಲಸದ ಡಿಸ್ಕಿನಿಂದ ಏನನ್ನೂ ಅಳಿಸಬೇಡಿ. ಈ ಹಂತದಲ್ಲಿ ಏನಾದರೂ ತಿದ್ದಿದ್ದರೆ ಬದಲಾದ ಫೈಲ್‌ಗಳ ಚೆಕ್‌ಸಮ್ ಮತ್ತೆ ಮಾಡಿ.

ಹಂತ 10: ಎಲ್ಲಿ ಇಡುವುದು

ಛಾಯಾಗ್ರಾಹಕ ಪೀಟರ್ ಕ್ರೋ ಜನಪ್ರಿಯಗೊಳಿಸಿದ 3-2-1 ಎಂಬ ಸೂತ್ರ ಇದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರು ಅಥವಾ ಬೇರೆ ಕಟ್ಟಡದಲ್ಲಿ. ಬೆಂಕಿ, ನೀರು, ಕಳ್ಳತನ ಇವು ಯಾವುದೂ ಪಕ್ಕ ಪಕ್ಕ ಇಟ್ಟ ಎರಡು ಡಿಸ್ಕ್‌ಗಳಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳುವುದಿಲ್ಲ.

ಹೆಚ್ಚಿನವರಿಗೆ ಸಾದಾ ಹಾರ್ಡ್ ಡಿಸ್ಕೇ ಸರಿ. ಎರಡು ಬೇರೆ ಕಂಪನಿಯವು ಅಥವಾ ಬೇರೆ ಬೇರೆ ಸಮಯದಲ್ಲಿ ಕೊಂಡವು ಆಗಿದ್ದರೆ ಎರಡೂ ಒಟ್ಟಿಗೆ ಕೆಡುವ ಸಾಧ್ಯತೆ ಕಡಿಮೆ. ಎಸ್‌ಎಸ್‌ಡಿ ಎಡಿಟ್ ಮಾಡಲು ಸೊಗಸು, ಕಪಾಟಿನಲ್ಲಿ ವರ್ಷಗಟ್ಟಲೆ ಇಡಲು ಅಲ್ಲ. ಅದರ ಒಳಗಿನ ವಿದ್ಯುತ್ ಅಂಶ ಕರೆಂಟ್ ಇಲ್ಲದೆ ನಿಧಾನಕ್ಕೆ ಸೋರುತ್ತದೆ. ಆಯಸ್ಸು ಮುಗಿಯುವಷ್ಟು ಬರೆದು ಸವೆದ ಸಾಮಾನ್ಯ ಎಸ್‌ಎಸ್‌ಡಿ, 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರೆಂಟ್ ಇಲ್ಲದೆ 1 ವರ್ಷ ಡೇಟಾ ಹಿಡಿದಿರಬೇಕು ಅನ್ನುತ್ತದೆ ಎಲೆಕ್ಟ್ರಾನಿಕ್ ಬಿಡಿಭಾಗಗಳಿಗೆ ಮಾನದಂಡ ರೂಪಿಸುವ ಜೆಡೆಕ್ ಸಂಸ್ಥೆಯ ಮಾನದಂಡ. ಹೊಸದು ಇದಕ್ಕಿಂತ ಹೆಚ್ಚು ಕಾಲ ಹಿಡಿಯುತ್ತದೆ ನಿಜ, ಆದರೂ ಭರವಸೆ ಇಡುವ ಜಾಗ ಅದಲ್ಲ. ಹಲವು ಡಿಸ್ಕ್‌ಗಳನ್ನು ಒಂದಾಗಿ ಜೋಡಿಸುವ ರೇಡ್ ಕೂಡ ಬ್ಯಾಕಪ್ ಅಲ್ಲ. ಅದು ಒಂದು ಡಿಸ್ಕ್ ಕೆಟ್ಟರೆ ಕಾಯುತ್ತದೆ, ಕೈತಪ್ಪಿ ಅಳಿಸಿದರೆ ಕಾಯುವುದಿಲ್ಲ.

ವಿಂಡೋಸ್, ಮ್ಯಾಕ್ ಎರಡರಲ್ಲೂ ಓದಿ ಬರೆಯಬೇಕಾದರೆ ಡಿಸ್ಕನ್ನು ಎಕ್ಸ್‌ಎಫ್‌ಎಟಿಗೆ ಫಾರ್ಮ್ಯಾಟ್ ಮಾಡಿ. 2019ರಿಂದ ಲಿನಕ್ಸ್ ಕೂಡ ಅದನ್ನು ನೇರವಾಗಿ ಓದುತ್ತದೆ. ಆದರೆ ಇಜೆಕ್ಟ್ ಮಾಡದೆ ಕಿತ್ತರೆ ಎಕ್ಸ್‌ಎಫ್‌ಎಟಿ ಬೇಗ ಕೆಡುತ್ತದೆ, ಅಷ್ಟು ಎಚ್ಚರ ಬೇಕು. ಡಿಸ್ಕಿಗೆ ಪಾಸ್‌ವರ್ಡ್ ಹಾಕಿದ್ದರೆ ಅದು ಇನ್ನೊಬ್ಬರಿಗೂ ಗೊತ್ತಿರಲಿ.

ವರ್ಷಕ್ಕೆ ಹತ್ತಾರು ಟಿಬಿ ಸೇರುವ ಕಡೆ ಎಲ್‌ಟಿಒ ಎಂಬ, ಡೇಟಾ ಇಡುವ ಮ್ಯಾಗ್ನೆಟಿಕ್ ಟೇಪ್ ಯೋಚಿಸಬಹುದು. ಎಲ್‌ಟಿಒ-9ರ ಒಂದು ಟೇಪಿನಲ್ಲಿ 18 ಟಿಬಿ ಹಿಡಿಯುತ್ತದೆ. ಟೇಪ್ ಅಗ್ಗ, ಡ್ರೈವ್ ದುಬಾರಿ. ಹೊಸ ಡ್ರೈವ್‌ಗಳು ತುಂಬಾ ಹಳೆಯ ಟೇಪ್ ಓದುವುದಿಲ್ಲ, ಉದಾಹರಣೆಗೆ ಎಲ್‌ಟಿಒ-8 ಡ್ರೈವ್ ಓದುವುದು ಎಲ್‌ಟಿಒ-8 ಮತ್ತು 7 ಮಾತ್ರ. ಬೇರೆ ಊರಿನ ಪ್ರತಿಗೆ ಕ್ಲೌಡ್ ಒಳ್ಳೆಯದು. ಅಮೆಜಾನ್‌ನ ಗ್ಲೇಸಿಯರ್ ಡೀಪ್ ಆರ್ಕೈವ್ ಥರದವು ಇಡಲು ಅಗ್ಗ, ತೆಗೆಯಲು ಹಣವೂ ಸಮಯವೂ ಬೇಕು. ಸಾಮಾನ್ಯ ವಿಧಾನದಲ್ಲಿ 12 ಗಂಟೆಯವರೆಗೆ ಕಾಯಬೇಕು. ಸಿಂಕ್ ಆಗುವ ಫೋಲ್ಡರನ್ನು ಮಾತ್ರ ಆರ್ಕೈವ್ ಅಂದುಕೊಳ್ಳಬೇಡಿ. ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ.

ಹಂತ 11: ವರ್ಷಕ್ಕೊಮ್ಮೆ ತೆಗೆದು ನೋಡಿ

ಡಿಸ್ಕ್‌ಗಳ ಮೇಲೆ ಚೀಟಿ ಅಂಟಿಸಿ, ಯಾವುದರಲ್ಲಿ ಏನಿದೆ ಅಂತ ಒಂದು ಸ್ಪ್ರೆಡ್‌ಶೀಟಿನಲ್ಲಿ ಬರೆದಿಡಿ. ವರ್ಷಕ್ಕೊಮ್ಮೆ ಒಂದೊಂದನ್ನೂ ಕಂಪ್ಯೂಟರಿಗೆ ಸಿಕ್ಕಿಸಿ, ಉಳಿಸಿಟ್ಟ ಚೆಕ್‌ಸಮ್ ಪಟ್ಟಿಯ ಜತೆ ತಾಳೆ ನೋಡಿ. ಒಂದು ಪ್ರತಿಯಲ್ಲಿ ಫೈಲ್ ಕೆಟ್ಟಿದ್ದರೆ ಇನ್ನೊಂದರಿಂದ ತಂದು ಹಾಕಿ. ಡಿಸ್ಕಿಗೆ ಐದಾರು ವರ್ಷ ಆಗುತ್ತಿದ್ದಂತೆ ಅದು ಕೆಡಲಿ ಅಂತ ಕಾಯದೆ ಹೊಸದಕ್ಕೆ ಸಾಗಿಸಿ.

ಸಾಫ್ಟ್‌ವೇರ್‌ನ ದೊಡ್ಡ ಹೊಸ ವರ್ಶನ್ ಬಂದಾಗ, ನಿಮಗೆ ಮುಖ್ಯ ಅನ್ನಿಸುವ ಕೆಲಸಗಳನ್ನು ಅದರಲ್ಲಿ ತೆರೆದು ಬೇರೆ ಹೆಸರಿನಲ್ಲಿ ಸೇವ್ ಮಾಡಿ, ಹಳೆಯ ಪ್ರಾಜೆಕ್ಟ್ ಫೈಲ್ ಪಕ್ಕದಲ್ಲೇ ಉಳಿಯಲಿ. ಹೊಸ ವರ್ಶನ್ ಹಳೆಯದನ್ನು ಸಾಮಾನ್ಯವಾಗಿ ತೆರೆಯುತ್ತದೆ. ಹಳೆಯ ವರ್ಶನ್ ಹೊಸದನ್ನು ತೆರೆಯುವುದಿಲ್ಲ. ಸಾಫ್ಟ್‌ವೇರನ್ನೇ ಬಿಟ್ಟು ಬೇರೆಯದಕ್ಕೆ ಹೋಗುವ ಯೋಚನೆ ಇದ್ದರೆ, ಚಂದಾ ಮುಗಿಯುವ ಮೊದಲೇ ಹಳೆಯ ಪ್ರಾಜೆಕ್ಟ್‌ಗಳ ಎಕ್ಸ್‌ಎಂಎಲ್, ಟೆಕ್ಸ್ಟ್‌ಲೆಸ್ ಮಾಸ್ಟರ್, ಧ್ವನಿಯ ಮೂರು ಫೈಲ್ ಎಲ್ಲ ಇವೆಯೇ ನೋಡಿಕೊಂಡು, ಇಲ್ಲದ್ದನ್ನು ಆಗಲೇ ಎಕ್ಸ್‌ಪೋರ್ಟ್ ಮಾಡಿಕೊಳ್ಳಿ.